ಬಯಲಲ್ಲಿ ಪರೀಕ್ಷೆ, ಘಾಟಿಯಲ್ಲಿ ಪ್ರಯಾಣ

ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಯಾವ ಕಡೆಗೆ ಹೊರಟರೂ ರಸ್ತೆ ಬಹಳ ದೂರ ಸಮತಟ್ಟಾಗಿ ಸಾಗುವುದಿಲ್ಲ. ಒಂದು ಕಡೆ ನಾಗೋಡಿ ಘಾಟಿ ಇಳಿದರೆ ಕೊಲ್ಲೂರು. ಇನ್ನೊಂದು ಕಡೆ ಸಂಪೆಕಟ್ಟೆ ದಾಟಿದರೆ ನಗರವೆಂಬ ಊರು, ಅಲ್ಲಿಂದ ಮಾಸ್ತಿಕಟ್ಟೆಯ ಮೇಲೆ ಮುಂದುವರಿದರೆ ಹುಲಿಕಲ್ ಘಾಟಿ. ತಲೆ ಎತ್ತಿದರೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಅದನ್ನು ಏರುವ ಜೀಪಿನ ಕಚ್ಚಾ ದಾರಿ. ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ಸಿ ಈ ಸೀಮೆಯಲ್ಲೇ ಹಾದುಹೋಗುತ್ತದೆ. ಅದರ ಮೇಲೆ ಮೂಕಾಂಬಿಕೆಯ ದರ್ಶನಕ್ಕೆ ಹೊರಟವರ ಕಾರು, ಅಡಿಕೆ ಮೂಟೆಯ ಪಿಕಪ್, ನಾಟಾ ತುಂಬಿದ ಲಾರಿ, ಶಾಲೆ ಮಕ್ಕಳ ಓಮ್ನಿ, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಎಲ್ಲವೂ ಒಟ್ಟಿಗೇ ಓಡಾಡುತ್ತವೆ. ಜೂನ್ ಹಿಡಿದರೆ ತಿಂಗಳುಗಟ್ಟಲೆ ಮಳೆ. ಡಾಂಬರಿನ ಅಂಚಿನಲ್ಲಿ ಹಾವಸೆ, ತಿರುವಿನಲ್ಲಿ ಮಂಜು, ಗುಡ್ಡದಿಂದ ಹರಿದು ಬಂದ ಕೆಸರು, ಸಂಜೆಯಾದರೆ ರಸ್ತೆ ಮೇಲೆ ಮಲಗಿದ ದನ. ಚಾಲಕನಿಂದ ಇಷ್ಟು ಬಗೆಯ ಜಾಣ್ಮೆಯನ್ನು ಒಟ್ಟಿಗೆ ಕೇಳುವ ರಸ್ತೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಈ ರಸ್ತೆಯಲ್ಲಿ ಓಡಾಡುವವರಿಗೆ ಚಾಲನೆ ಕಲಿಸಲು ಇರುವ ವ್ಯವಸ್ಥೆ ಮಾತ್ರ ಬಯಲುಸೀಮೆಯ ಪಟ್ಟಣವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಮಲೆನಾಡಿನ ರಸ್ತೆ ಸುರಕ್ಷತೆಯ ಮಾತು ಶುರುವಾಗಬೇಕಾದದ್ದು ಈ ಅಂತರದಿಂದ.

ಈ ಅಂತರ ಕಾನೂನಿನ ಬರಹದಲ್ಲಿ ಇಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕು ಎಂದು ಪಟ್ಟಿ ಕೊಡುತ್ತದೆ. ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಚುರುಕಾಗಿ ಕೆಳಗಿನ ಗೇರಿಗೆ ಬರಬೇಕು. ಎರಡೂ ಆ ಪಟ್ಟಿಯಲ್ಲಿವೆ. ಗುಡ್ಡದ ಕಿರಿದಾದ ರಸ್ತೆಯಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಬಂಧನೆಗಳು ಹೇಳುತ್ತವೆ. ಆದರೆ ನಿಟ್ಟೂರಿನ ಹುಡುಗನೊಬ್ಬ ಡಿಎಲ್ ಮಾಡಿಸಬೇಕೆಂದರೆ ಅವನ ಕಚೇರಿ ಸಾಗರದ ಆರ್‌ಟಿಒ, ಕೆಎ 15. ಅಲ್ಲಿ ಅಥವಾ ತಾಲ್ಲೂಕು ಕೇಂದ್ರದ ಕ್ಯಾಂಪಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ಬೈಕಿನಲ್ಲಿ ಎಂಟು ಹಾಕಿ, ಕಾರಾದರೆ ಸ್ವಲ್ಪ ದೂರ ಓಡಿಸಿ ರಿವರ್ಸ್ ತೆಗೆದು ತೋರಿಸಿದರೆ ಸಾಮಾನ್ಯವಾಗಿ ಪರೀಕ್ಷೆ ಮುಗಿಯಿತು. ಒಂದೇ ದಿನ ಹತ್ತಾರು ಅಭ್ಯರ್ಥಿಗಳನ್ನು ನೋಡಬೇಕಾದ ಅಧಿಕಾರಿಗೆ ಪ್ರತಿಯೊಬ್ಬರನ್ನೂ ಏರಿಗೆ ಕರೆದೊಯ್ಯುವಷ್ಟು ಹೊತ್ತಿಲ್ಲ. ಹೀಗಾಗಿ ಸಮತಟ್ಟು ಮೈದಾನದಲ್ಲಿ ಪಾಸಾದ ಕಾರ್ಡು ಹಿಡಿದು ಅವನು ನೇರ ನಾಗೋಡಿಯ ತಿರುವಿಗೆ ಬರುತ್ತಾನೆ. ಅವನ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ, ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಇದರ ಬೆಲೆ ಎಷ್ಟೆಂದು ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ಹೇಳುತ್ತದೆ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ಕರ್ನಾಟಕದಲ್ಲಿ ಆ ವರ್ಷ ಸತ್ತವರು 11,702, ಅಂದರೆ ದಿನಕ್ಕೆ 32 ಜನ. ಮರುವರ್ಷ ರಾಜ್ಯದ ಸಂಖ್ಯೆ 12 ಸಾವಿರ ದಾಟಿತು. ಮಹಾನಗರದ ಟ್ರಾಫಿಕ್ಕು ಟೀವಿಯಲ್ಲಿ ದಿನವೂ ಕಾಣುವುದರಿಂದ ಸಾವು ಅಲ್ಲೇ ಹೆಚ್ಚೆಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ದೇಶದ ಹತ್ತರಲ್ಲಿ ಸುಮಾರು ಏಳು ಸಾವು ಗ್ರಾಮೀಣ ಪ್ರದೇಶದ ರಸ್ತೆಗಳಲ್ಲಿ ಆಗುತ್ತವೆ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 2022ರಲ್ಲಿ ದೇಶದಲ್ಲಿ 50 ಸಾವಿರ. ಹಳ್ಳಿ ರಸ್ತೆ, ಬೈಕು, ವಯಸ್ಸಿನ ಹುಡುಗರು: ಈ ಮೂರೂ ಕೂಡುವಲ್ಲಿ ಹೆಚ್ಚು ಸಾವಾಗುತ್ತಿದೆ ಎಂದ ಮೇಲೆ ಕಲಿಕೆಯ ಸೌಕರ್ಯವೂ ಅಲ್ಲೇ ಹೆಚ್ಚಿರಬೇಕಿತ್ತು. ಇರುವುದು ತೀರಾ ಕಡಿಮೆ.

ಮಲೆನಾಡಿನ ಈ ಭಾಗಕ್ಕೆ ಇದು ಇನ್ನಷ್ಟು ತುರ್ತಿನ ವಿಷಯವಾಗಲು ಒಂದು ಕಾರಣವಿದೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟಿನಿಂದ ದ್ವೀಪದಂತಾಗಿದ್ದ ತುಮರಿ, ಬ್ಯಾಕೋಡು ಕಡೆಯ ಜನ ದಶಕಗಳ ಕಾಲ ಕೇಳಿ ಪಡೆದ ಸೇತುವೆ ಅದು. ಅವರ ಪಾಲಿಗೆ ಅದು ಆಸ್ಪತ್ರೆ, ಕಾಲೇಜು, ಮಾರುಕಟ್ಟೆಯ ದಾರಿ. ಆ ಹಕ್ಕನ್ನು ಯಾರೂ ಪ್ರಶ್ನಿಸುವಂತಿಲ್ಲ. ಸೇತುವೆ ಬರುವ ಮೊದಲು ಆ ಕಡೆಗೆ ಹೋಗುವ ವಾಹನಗಳ ಸಂಖ್ಯೆಯನ್ನು ಹಿನ್ನೀರು ದಾಟಿಸುವ ಲಾಂಚು ನಿರ್ಧರಿಸುತ್ತಿತ್ತು. ಒಂದು ಸಲಕ್ಕೆ ಅದು ಒಯ್ಯುವಷ್ಟೇ ಗಾಡಿ, ಅದೂ ಹಗಲಿನಲ್ಲಿ. ಈಗ ಆ ಮಿತಿ ಹೋಗಿದೆ. ಸಾಗರದಿಂದ ಸಿಗಂದೂರು, ಅಲ್ಲಿಂದ ಕೊಲ್ಲೂರು ಎಂದು ಎರಡು ಕ್ಷೇತ್ರಗಳನ್ನು ಒಂದೇ ದಿನದಲ್ಲಿ ಮುಗಿಸುವ ಪ್ರವಾಸಿಗರಿಗೆ ಹತ್ತಿರದ ದಾರಿ ಸಿಕ್ಕಿದೆ. ಊರಿನ ದನ, ಸೈಕಲ್ಲು, ನಡೆದು ಹೋಗುವ ಮಕ್ಕಳಿಗೆಂದೇ ಇದ್ದ ಕಿರಿದಾದ ರಸ್ತೆಗಳ ಮೇಲೆ ಹೊರ ಊರಿನ ವೇಗ ಬಂದಿಳಿದಿದೆ. ಸೇತುವೆಗೆ ನೂರಾರು ಕೋಟಿ ರೂಪಾಯಿ ವೆಚ್ಚ ಮಾಡಿದ ಸರ್ಕಾರ, ಆ ರಸ್ತೆಯಲ್ಲಿ ಇನ್ನು ಮುಂದೆ ಓಡಾಡುವವರ ಕಲಿಕೆಗೆಂದು ಅದೇ ಯೋಜನೆಯಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು.

ಚಾಲಕರಿಗೆ ತರಬೇತಿ ಕೊಡುವ ಸಂಸ್ಥೆಗಳೇ ಇಲ್ಲವೆಂದಲ್ಲ. 24ನೇ ನಿಯಮದಡಿ ಪರವಾನಗಿ ಪಡೆದ ಡ್ರೈವಿಂಗ್ ಸ್ಕೂಲುಗಳಿವೆ. ಅವುಗಳ ಗಾಡಿಯಲ್ಲಿ ಬೋಧಕನ ಕಾಲಿಗೂ ಬ್ರೇಕ್ ಇರಬೇಕು, ಲಘು ವಾಹನದ ತರಬೇತಿ ಕನಿಷ್ಠ 21 ದಿನ ನಡೆಯಬೇಕು, ಅದರಲ್ಲಿ ಕನಿಷ್ಠ 10 ಗಂಟೆ ಸ್ಟೀರಿಂಗ್ ಹಿಡಿದಿರಬೇಕು ಎಂದು ನಿಯಮವಿದೆ. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ಹೊಸ ವ್ಯವಸ್ಥೆ ಜಾರಿಗೆ ಬಂತು. ಅಲ್ಲಿ ಲಘು ವಾಹನಕ್ಕೆ ನಾಲ್ಕು ವಾರದಲ್ಲಿ 29 ಗಂಟೆ, ಭಾರಿ ವಾಹನಕ್ಕೆ ಆರು ವಾರದಲ್ಲಿ 38 ಗಂಟೆ ಪಾಠ. ಸಿಮ್ಯುಲೇಟರ್, ಪರೀಕ್ಷಾ ಪಥ, ಎಕರೆಗಟ್ಟಲೆ ಜಾಗ ಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಪರೀಕ್ಷೆ ಇಲ್ಲ. ರಾಜ್ಯದ ಸಾರಿಗೆ ನಿಗಮಗಳು ಚಾಲಕರ ಆಯ್ಕೆಗೆ ಹಾಸನ ಮತ್ತು ಹುಮನಾಬಾದಿನಲ್ಲಿ ಸೆನ್ಸರ್ ಅಳವಡಿಸಿದ ಪಥಗಳನ್ನು ಮಾಡಿಕೊಂಡಿವೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ ಸಮೇತ ಉಚಿತವಾಗಿ ಲಘು ವಾಹನ ಚಾಲನೆ ಕಲಿಸುವ ಒಂದು ತಿಂಗಳ ಕೋರ್ಸು ಅವುಗಳ ಪಟ್ಟಿಯಲ್ಲಿದೆ. ಇವುಗಳಲ್ಲಿ ಪ್ರತಿಯೊಂದೂ ಬೆಲೆಯುಳ್ಳದ್ದು. ಆದರೆ ಇವೆಲ್ಲ ಪಟ್ಟಣದಲ್ಲಿವೆ, ದುಡಿಮೆ ಬಿಟ್ಟು ವಾರಗಟ್ಟಲೆ ಹೋಗಿ ಕೂರಬಲ್ಲವರಿಗೆ ಮಾತ್ರ ದಕ್ಕುತ್ತವೆ. ಕಲಿಸುವುದೂ ಮುಖ್ಯವಾಗಿ ಕಾರು, ಲಾರಿ, ಬಸ್ಸುಗಳನ್ನು.

ದ್ವಿಚಕ್ರ ವಾಹನದ ವಿಷಯಕ್ಕೆ ಬಂದರೆ ಪರಿಸ್ಥಿತಿ ನಿಜಕ್ಕೂ ಗಾಬರಿ ಹುಟ್ಟಿಸುವಂಥದ್ದು. ಅತಿ ಹೆಚ್ಚು ಜನ ಸಾಯುವ ವಾಹನಕ್ಕೆ ಯಾವ ಶಾಲೆಯ ತರಬೇತಿಯೂ ಕಡ್ಡಾಯವಲ್ಲ. ಎಲ್ಎಲ್ಆರ್, ಅಂದರೆ ಕಲಿಕಾ ಲೈಸೆನ್ಸ್, ಮಾಡಿಸಿ 30 ದಿನ ಕಾದರೆ ಸಾಕು. ಆ 30 ದಿನದಲ್ಲಿ ಎಷ್ಟು ಹೊತ್ತು ಓಡಿಸಿದೆ, ಯಾರು ಕಲಿಸಿದರು, ಮಳೆಯಲ್ಲಿ ಓಡಿಸಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಕಲಿಸುವವನು ಅಣ್ಣನೋ ಗೆಳೆಯನೋ ಆಗಿರುತ್ತಾನೆ, ಅವನಿಗೆ ಇನ್ಯಾರೋ ಹಾಗೆಯೇ ಕಲಿಸಿರುತ್ತಾರೆ. ಹಿಂದಿನ ಬ್ರೇಕ್ ಒಂದನ್ನೇ ನಂಬುವುದು, ಇಳುಕಲಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವುದು, ತಿರುವಿನ ನಡುವೆ ಬ್ರೇಕ್ ಒತ್ತುವುದು ಇವೆಲ್ಲ ಒಬ್ಬರಿಂದ ಒಬ್ಬರಿಗೆ ದಾಟುವ ತಪ್ಪುಗಳು. ಲಘು ವಾಹನದಲ್ಲೂ ಗಮನಿಸಬೇಕಾದ ಒಂದು ಸಂಗತಿಯಿದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇರುವವರು 7,500 ಕಿಲೋವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ತೀರ್ಪು ಕೊಟ್ಟಿತು. ಸಾವಿರಾರು ಬಡ ಚಾಲಕರ ಹೊಟ್ಟೆಪಾಡನ್ನು ಉಳಿಸಿದ ತೀರ್ಪು ಅದು, ಸರಿಯಾದದ್ದೇ. ಅದರ ಜೊತೆಗೆ ಇನ್ನೊಂದು ಹೊಣೆಯೂ ನಮ್ಮ ಮೇಲೆ ಬಿದ್ದಿದೆ. ಸ್ವಂತ ಕಾರಿಗೆಂದು ಮೈದಾನದಲ್ಲಿ ಪರೀಕ್ಷೆ ಕೊಟ್ಟು ಪಡೆದ ಕಾರ್ಡು ಸಾಕಾಗಿ, ಆ ವ್ಯಕ್ತಿ ಕೂಲಿಯಾಳುಗಳನ್ನು ಕೂರಿಸಿಕೊಂಡ ಗಾಡಿಯನ್ನೋ ಪ್ರವಾಸಿಗರ ಜೀಪನ್ನೋ ಘಾಟಿಗೆ ತರಬಹುದು. ನಡುವೆ ಕಲಿಕೆಯ ಒಂದು ಹಂತ ಇರಲೇಬೇಕು.

ಅಂಥ ಹಂತ ಮಲೆನಾಡಿನಲ್ಲಿ ಹಿಂದೆ ಇತ್ತು, ಸರ್ಕಾರ ಕಟ್ಟಿದ್ದಲ್ಲದಿದ್ದರೂ. ಈ ಸೀಮೆಯ ಸಾರಿಗೆಯನ್ನು ಬಹುಕಾಲ ಹೊತ್ತದ್ದು ಖಾಸಗಿ ಬಸ್ಸುಗಳು. ಅಲ್ಲಿ ಹುಡುಗ ಕ್ಲೀನರ್ ಆಗಿ ಸೇರುತ್ತಿದ್ದ. ಟಾಪಿಗೆ ಲಗೇಜು ಹಾಕುತ್ತ, ಹಿಂದಿನ ಬಾಗಿಲಲ್ಲಿ ನಿಂತು ‘ರೈಟ್’ ಹೇಳುತ್ತ, ಟೈರು ಬದಲಿಸುತ್ತ ವರ್ಷಗಟ್ಟಲೆ ಅದೇ ರಸ್ತೆಯ ಒಂದೊಂದು ತಿರುವನ್ನೂ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದ. ಆಮೇಲೆ ಕಂಡಕ್ಟರ್, ಆಮೇಲೆ ಹಿರಿಯ ಚಾಲಕನ ಪಕ್ಕದಲ್ಲಿ ಖಾಲಿ ಬಸ್ಸಿನ ಸ್ಟೀರಿಂಗು, ಕೊನೆಗೆ ಪ್ರಯಾಣಿಕರ ಬಸ್ಸು. 1991ರಲ್ಲಿ ಕೊಪ್ಪದಲ್ಲಿ ಶಂಕರ್ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯಲ್ಲಿ ಚಾಲಕನೂ ನಿರ್ವಾಹಕನೂ ಮೆಕ್ಯಾನಿಕ್ಕೂ ಸಂಸ್ಥೆಯ ಒಡೆಯರಾಗಿದ್ದರು. ಗಾಡಿ ಹಾಳಾದರೆ, ಪ್ರಯಾಣಿಕನಿಗೆ ಪೆಟ್ಟಾದರೆ ನಷ್ಟ ತಮ್ಮದೇ ಎಂಬ ಅರಿವು ಸ್ಟೀರಿಂಗ್ ಹಿಡಿದವನಲ್ಲಿತ್ತು. 2020ರಲ್ಲಿ ಆ ಬಸ್ಸುಗಳು ನಿಂತವು. ಅದೇ ವರ್ಷ ಬಂದ ಕೋವಿಡ್ಡಿನ ನಂತರ ಇನ್ನೂ ಅನೇಕ ಖಾಸಗಿ ಮಾರ್ಗಗಳು ಸೊರಗಿದವು. ಬಸ್ಸು ತಪ್ಪಿದ ಹಳ್ಳಿಯಲ್ಲಿ ಬೈಕು ಸೌಕರ್ಯವಾಗಿ ಉಳಿಯುವುದಿಲ್ಲ, ಅನಿವಾರ್ಯವಾಗುತ್ತದೆ. ನುರಿತ ಒಬ್ಬ ಚಾಲಕ ಐವತ್ತು ಜನರನ್ನು ಒಯ್ಯುತ್ತಿದ್ದ ರಸ್ತೆಯಲ್ಲಿ ಈಗ ಕಲಿಯದ ಮೂವತ್ತು ನಲವತ್ತು ಜನ ತಾವೇ ಚಾಲಕರಾಗಿದ್ದಾರೆ. ಹೀಗಾಗಿ ಒಂದು ಬಸ್ಸಿನ ಮಾರ್ಗ ರದ್ದಾಗುವುದನ್ನೂ ರಸ್ತೆ ಸುರಕ್ಷತೆಯ ಪ್ರಶ್ನೆಯೆಂದೇ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಊರಿನವರೇ ಒಂದು ಆಕ್ಷೇಪ ಎತ್ತಬಹುದು. ಘಾಟಿಯಲ್ಲಿ ಹುಟ್ಟಿ ಬೆಳೆದವರಿಗೆ ಘಾಟಿಯ ಪಾಠ ಯಾಕೆ, ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಜೀಪು ಹತ್ತಿಸುವವರಿಗೆ ಪಟ್ಟಣದ ಬೋಧಕ ಏನು ಕಲಿಸಿಯಾನು, ಎಂದು. ಆಕ್ಷೇಪದಲ್ಲಿ ಸತ್ಯವಿದೆ. ಆ ಜೀಪು ಚಾಲಕರ ಕೈಚಳಕ ಯಾವ ಸಿಮ್ಯುಲೇಟರಿನಲ್ಲೂ ಸಿಗುವಂಥದ್ದಲ್ಲ. ಆದರೆ ರಸ್ತೆಯ ಪರಿಚಯ ಎರಡಲಗಿನದು. ದಿನವೂ ಓಡಾಡುವ ತಿರುವಿನಲ್ಲಿ ಎದುರಿಗೆ ಯಾರೂ ಬರುವುದಿಲ್ಲ ಎಂಬ ನಂಬಿಕೆ ಕ್ರಮೇಣ ಕೂಡಿಕೊಳ್ಳುತ್ತದೆ, ಹಾರ್ನ್ ಮಾಡುವುದು ನಿಲ್ಲುತ್ತದೆ, ಪಕ್ಕದ ಊರಿಗೆ ತಾನೇ ಎಂದು ಹೆಲ್ಮೆಟ್ ಮನೆಯಲ್ಲೇ ಉಳಿಯುತ್ತದೆ. ಮೊದಲು ಆ ತಿರುವಿನಲ್ಲಿ ಬರುತ್ತಿದ್ದುದು ಗುರುತಿನವರ ಗಾಡಿ. ಈಗ ಬರುವುದು ಈ ರಸ್ತೆಯನ್ನು ಮೊದಲ ಸಲ ನೋಡುತ್ತಿರುವವರ ಗಾಡಿ. ಊರಿನವರ ಅನುಭವ ರೂಪುಗೊಂಡದ್ದು ಹಳೆಯ ಸಂಚಾರದ ಮೇಲೆ. ಇನ್ನೊಂದು ಮಾತೂ ಇದೆ. ನುರಿತ ಜೀಪು ಚಾಲಕನ ಜ್ಞಾನ ಅವನೊಬ್ಬನಲ್ಲೇ ಇದ್ದರೆ ಅವನೊಂದಿಗೇ ಮುಗಿಯುತ್ತದೆ. ಆ ಜ್ಞಾನವನ್ನು ಗೌರವಿಸುವ ಸರಿಯಾದ ದಾರಿಯೆಂದರೆ ಅವನನ್ನೇ ಬೋಧಕನನ್ನಾಗಿ ಮಾಡಿ ಅದಕ್ಕೆ ಸಂಬಳ ಕೊಡುವುದು.

ಎರಡನೆಯ ಆಕ್ಷೇಪ ಸಂಶೋಧಕರದ್ದು, ಹೆಚ್ಚು ಗಟ್ಟಿಯಾದದ್ದು. ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ದುರ್ಬಲ ಎಂದು ಅವರು ಹೇಳುತ್ತಾರೆ. ಲೈಸೆನ್ಸ್ ಪಡೆದವರಿಗೆ ಕೊಡುವ ಮರುತರಬೇತಿಯ ಬಗ್ಗೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಗೆ ಅದರಿಂದ ಅಪಘಾತ ತಗ್ಗಿದ ಪುರಾವೆ ಸಿಗಲಿಲ್ಲ. ನಾರ್ವೆಯಲ್ಲಿ ಹಿಮದ ಜಾರು ರಸ್ತೆಯಲ್ಲಿ ಗಾಡಿ ಹತೋಟಿಗೆ ತರುವುದನ್ನು ಕಡ್ಡಾಯವಾಗಿ ಕಲಿಸಿದ ಮೇಲೆ ಯುವಕರ ಅಪಘಾತ ಏರಿದ್ದೂ ಉಂಟು. ತಾವು ಪಳಗಿದವರೆಂಬ ಧೈರ್ಯದಿಂದ ಅವರು ಇನ್ನೂ ವೇಗವಾಗಿ ಓಡಿಸಿದರು. ದೆಹಲಿ ಐಐಟಿಯಲ್ಲಿ ದೀರ್ಘಕಾಲ ಈ ವಿಷಯ ಅಧ್ಯಯನ ಮಾಡಿದ ಪ್ರೊ. ದಿನೇಶ್ ಮೋಹನ್ ಅವರೂ ಜನರಿಗೆ ಬುದ್ಧಿ ಹೇಳುವುದಕ್ಕಿಂತ ರಸ್ತೆಯ ವಿನ್ಯಾಸ, ವೇಗದ ನಿಯಂತ್ರಣ, ಕಾನೂನಿನ ಜಾರಿ ಜೀವ ಉಳಿಸುತ್ತವೆ ಎಂದು ವಾದಿಸುತ್ತಿದ್ದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ತಡೆಗೋಡೆ ಇಲ್ಲದ ತಿರುವಿನಲ್ಲಿ ಎಂಥ ಕಲಿತವನೂ ಒಂದು ಕ್ಷಣ ತಪ್ಪಿಯಾನು, ಆ ತಪ್ಪಿಗೆ ಪ್ರಾಣ ಹೋಗಬಾರದು.

ಆದರೆ ಅದೇ ಸಂಶೋಧನೆಯನ್ನು ಪೂರ್ತಿ ಓದಿದರೆ ಬೇರೊಂದು ಸಂಗತಿಯೂ ಸಿಗುತ್ತದೆ. ಸ್ವೀಡನ್ 1993ರಲ್ಲಿ ಕಲಿಕೆಯ ವಯಸ್ಸನ್ನು ಹದಿನಾರಕ್ಕೆ ಇಳಿಸಿತು, ಲೈಸೆನ್ಸ್ ಪಡೆಯುವ ವಯಸ್ಸನ್ನು ಹದಿನೆಂಟರಲ್ಲೇ ಉಳಿಸಿತು. ಆ ಎರಡು ವರ್ಷ ಅನುಭವಿ ಹಿರಿಯರು ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಬೇಕು. ಹಾಗೆ ನೂರಕ್ಕೂ ಹೆಚ್ಚು ಗಂಟೆ ಅಭ್ಯಾಸ ಮಾಡಿದವರಲ್ಲಿ ಲೈಸೆನ್ಸ್ ಬಂದ ಮೇಲಿನ ಅಪಘಾತ ಎದ್ದು ಕಾಣುವಷ್ಟು ಕಡಿಮೆಯಾಯಿತು. ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಲೈಸೆನ್ಸ್ ತಂದು, ಹೊಸ ಚಾಲಕರಿಗೆ ರಾತ್ರಿ ಹೊತ್ತು ಒಂಟಿಯಾಗಿ ಓಡಿಸುವುದನ್ನೂ ಗೆಳೆಯರನ್ನು ತುಂಬಿಕೊಂಡು ಹೋಗುವುದನ್ನೂ ನಿರ್ಬಂಧಿಸಿತು. ಅಲ್ಲೂ ಯುವಕರಿಗೆ ಆಗುವ ಪೆಟ್ಟು ತಗ್ಗಿತು. ಸೋತದ್ದು ಒಂದೆರಡು ದಿನದ ಕಸರತ್ತಿನ ಪಾಠ. ಗೆದ್ದದ್ದು ನಿಜವಾದ ರಸ್ತೆಯಲ್ಲಿ, ಹಿರಿಯರೊಬ್ಬರ ಪಕ್ಕದಲ್ಲಿ, ದೀರ್ಘಕಾಲ ನಡೆದ ಅಭ್ಯಾಸ. ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಹುಡುಗ ವರ್ಷಗಟ್ಟಲೆ ಮಾಡುತ್ತಿದ್ದುದೂ ಇದೇ. ಆದ್ದರಿಂದ ಮಲೆನಾಡಿಗೆ ಬೇಕಾದದ್ದು ಪಟ್ಟಣದಲ್ಲಿ ಇನ್ನೊಂದು ಪಥ ಎಂದು ನಾನು ಭಾವಿಸುವುದಿಲ್ಲ. ಅವರವರು ದಿನವೂ ಓಡಾಡುವ ರಸ್ತೆಯಲ್ಲೇ ಮೇಲ್ವಿಚಾರಣೆಯ ಅಭ್ಯಾಸ ಬೇಕು.

ಅಂಥ ಕಲಿಕೆಯಲ್ಲಿ ಏನಿರಬೇಕೆಂಬುದು ಈ ರಸ್ತೆಗಳ ಮೇಲೇ ಬರೆದಿದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳೆಯ ಬಸ್ ಚಾಲಕರ ಮೊದಲ ಪಾಠ. ಅದರ ಹಿಂದಿನ ಕಾರಣವನ್ನೂ ತಿಳಿಸಬೇಕು. ಹುಲಿಕಲ್ಲಿನ ಉದ್ದದ ಇಳುಕಲಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಬಂದರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಕೊನೆಯ ಕ್ಷಣಕ್ಕೆ ಉಳಿದಿರುತ್ತದೆ. ಗೇರಿಲ್ಲದ ಸ್ಕೂಟರುಗಳಲ್ಲಿ ಈ ಹಿಡಿತ ತೀರಾ ಕಡಿಮೆ, ಹಾಗಾಗಿ ಅವುಗಳ ಸವಾರರಿಗೆ ಇಳಿಯುವ ಮೊದಲೇ ವೇಗ ತಗ್ಗಿಸಿಕೊಳ್ಳುವ ಪಾಠ ಬೇರೆಯಾಗಿಯೇ ಬೇಕು. ಬೈಕಿನಲ್ಲಿ ಎರಡೂ ಬ್ರೇಕನ್ನು ಹದವಾಗಿ ಬಳಸುವುದು, ತಿರುವಿನ ಒಳಗೆ ಹೋಗುವ ಮೊದಲೇ ನಿಧಾನಿಸುವುದು, ಮೊದಲ ಮಳೆಗೆ ಡಾಂಬರಿನ ಮೇಲಿನ ಎಣ್ಣೆ ಮತ್ತು ಧೂಳು ಸೇರಿ ಜಾರುವುದನ್ನು ಅರಿತಿರುವುದು, ಮಂಜಿನಲ್ಲಿ ಡಿಮ್ ದೀಪ ಹಾಕುವುದು, ಹೇರ್‌ಪಿನ್ನಿನಲ್ಲಿ ಬಸ್ಸು ಲಾರಿಗಳಿಗೆ ಎಷ್ಟು ಜಾಗ ಬೇಕೆಂದು ಊಹಿಸುವುದು, ಇವೆಲ್ಲ ಪುಸ್ತಕದಿಂದ ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ 14 ತಿರುವುಗಳ ಘಾಟಿಯಲ್ಲಿ ಮಳೆಗಾಲ ಬಂದರೆ ಜಿಲ್ಲಾಡಳಿತ ಭಾರಿ ವಾಹನಗಳನ್ನು ನಿಷೇಧಿಸುತ್ತದೆ. ಆಗ ಆ ಸಂಚಾರ ಉಳಿದ ಘಾಟಿಗಳ ಮೇಲೆ ಬೀಳುತ್ತದೆ, ಅಲ್ಲಿನವರು ಅದಕ್ಕೆ ಸಿದ್ಧರಿರಬೇಕು.

ಇಷ್ಟು ಚದುರಿದ ಜನವಸತಿಗೆ ಇದೆಲ್ಲ ಮಾಡಲು ದುಡ್ಡೆಲ್ಲಿಂದ, ಬೋಧಕರೆಲ್ಲಿಂದ ಎಂದು ಕೇಳುವುದು ನ್ಯಾಯ. ಎಕರೆಗಟ್ಟಲೆ ಜಾಗ, ಸಿಮ್ಯುಲೇಟರ್ ಬೇಡುವ ಕೇಂದ್ರವನ್ನು ಪ್ರತಿ ಹೋಬಳಿಯಲ್ಲಿ ಕಟ್ಟಲಾಗುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ತಾಲ್ಲೂಕು ಕೇಂದ್ರಗಳಿಗೆ ಬಂದು ಕ್ಯಾಂಪ್ ನಡೆಸುವ ಪದ್ಧತಿ ಸಾರಿಗೆ ಇಲಾಖೆಯಲ್ಲಿ ಮೊದಲಿನಿಂದ ಇದೆ. ಅದೇ ಕ್ಯಾಂಪನ್ನು ನಗರ, ನಿಟ್ಟೂರಿನಂಥ ಊರಿಗೂ ತರಬಹುದು, ಪರೀಕ್ಷೆಯ ಜೊತೆ ಒಂದು ದಿನ ಅಭ್ಯಾಸವನ್ನೂ ಸೇರಿಸಬಹುದು, 15ನೇ ನಿಯಮ ಹೇಳುವ ಏರು ಇಳುಕಲಿನ ಪರೀಕ್ಷೆಯನ್ನು ನಿಜವಾದ ಏರಿನಲ್ಲೇ ಮಾಡಬಹುದು. ಗುಡ್ಡಕ್ಕಂತೂ ಇಲ್ಲಿ ಕೊರತೆಯಿಲ್ಲ. ಸಾಗರದ ಕೆಎಸ್‌ಆರ್‌ಟಿಸಿ ಡಿಪೊದ ಹಿರಿಯ ಚಾಲಕರು, ನಿವೃತ್ತರಾದ ಖಾಸಗಿ ಬಸ್ ಚಾಲಕರು, ಕೊಡಚಾದ್ರಿಯ ಜೀಪಿನವರು ಇವರೆಲ್ಲ ಬೋಧಕರಾಗಬಲ್ಲರು. ಎಲ್ಎಲ್ಆರ್ ಇರುವ ಪ್ರತಿಯೊಬ್ಬರಿಗೂ ಒಂದು ಅಭ್ಯಾಸ ಪುಸ್ತಕ ಕೊಟ್ಟು, ಇಷ್ಟು ಗಂಟೆ ಹಗಲಿನಲ್ಲಿ, ಇಷ್ಟು ಮಳೆಯಲ್ಲಿ, ಇಷ್ಟು ಇಳುಕಲಿನಲ್ಲಿ ಓಡಿಸಿದ್ದಾರೆಂದು ಪಕ್ಕದಲ್ಲಿದ್ದವರು ಸಹಿ ಹಾಕುವಂತೆ ಮಾಡಲು ಕಾಗದದ ಖರ್ಚಷ್ಟೇ ಸಾಕು. ಮನೆಯಿಂದಲೇ ಆನ್‌ಲೈನಿನಲ್ಲಿ ಎಲ್ಎಲ್ಆರ್ ಪರೀಕ್ಷೆ ಬರೆಯುವ ಸೌಲಭ್ಯ ಈಗಿದೆ, ಆದರೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಮನೆಗಳಿಗೆ ಅದು ತಲುಪುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಅದಕ್ಕೆ ವ್ಯವಸ್ಥೆ ಮಾಡಿದರೆ ಮಧ್ಯವರ್ತಿಯ ಕೈಗೆ ಹೋಗುವ ಹಣವೂ ಉಳಿಯುತ್ತದೆ.

ದುಡ್ಡಿನ ಮಾತಿಗೆ ಹಿಂತಿರುಗುವುದಾದರೆ, ಕೊರತೆ ಇರುವುದು ಗಮನದಲ್ಲಿ. ರಸ್ತೆ ಸುರಕ್ಷತೆಯ ಹಣ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವಾಗ ಮೊದಲು ನೋಡುವುದು ಅಪಘಾತದ ಕಪ್ಪುಚುಕ್ಕೆಗಳನ್ನು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತ ನಡೆದಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಗ ಅದು ಕಪ್ಪುಚುಕ್ಕೆ. ನಾಲ್ಕು ಪಥದ ಹೆದ್ದಾರಿಯ ಜಂಕ್ಷನ್ನಿಗೆ ಈ ಅಳತೆ ಸರಿಹೊಂದುತ್ತದೆ. ಮಲೆನಾಡಿನಲ್ಲಿ ಅಪಘಾತ ಒಂದೇ ಕಡೆ ಗುಂಪುಗೂಡುವುದಿಲ್ಲ. ಈ ವರ್ಷ ಈ ತಿರುವಿನಲ್ಲಿ ಒಬ್ಬ, ಮುಂದಿನ ವರ್ಷ ಎರಡು ಕಿಲೋಮೀಟರ್ ಆಚೆ ಇನ್ನೊಬ್ಬ ಎಂದು ಹತ್ತಾರು ಕಿಲೋಮೀಟರ್ ಉದ್ದಕ್ಕೂ ಚದುರುತ್ತದೆ. ಒಟ್ಟು ಎಣಿಸಿದರೆ ದೊಡ್ಡ ಸಂಖ್ಯೆಯಾದರೂ ಯಾವ ಜಾಗವೂ ಪಟ್ಟಿಗೆ ಬರುವುದಿಲ್ಲ. ಪ್ರತಿ ಅಪಘಾತದ ಸ್ಥಳವನ್ನು ಪೊಲೀಸರು ಮೊಬೈಲಿನಲ್ಲೇ ದಾಖಲಿಸುವ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯನ್ನು ಮದ್ರಾಸ್ ಐಐಟಿಯ ನೆರವಿನಿಂದ ರೂಪಿಸಲಾಗಿದೆ, ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ದಾಖಲೆಯನ್ನು ಚುಕ್ಕೆಯ ಬದಲು ಇಡೀ ಮಾರ್ಗದ ಲೆಕ್ಕದಲ್ಲಿ ನೋಡಿದರೆ ಘಾಟಿ ರಸ್ತೆಗಳ ನಿಜವಾದ ಚಿತ್ರ ಕಾಣುತ್ತದೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಸೇವ್‌ಲೈಫ್ ಪ್ರತಿಷ್ಠಾನ 2016ರಿಂದ ಹೀಗೆ ಇಡೀ ಮಾರ್ಗವನ್ನೇ ಘಟಕವೆಂದು ಹಿಡಿದು ಕೆಲಸ ಮಾಡಿ ಸಾವನ್ನು ಅರ್ಧಕ್ಕೂ ಕೆಳಗೆ ಇಳಿಸಿತು. ಆ ಮಾರ್ಗದಲ್ಲೂ ಘಾಟಿಯಿದೆ.

ಅಪಘಾತ ಮಾಡುವವರು ಹೊರಗಿನ ಪ್ರವಾಸಿಗರು, ಊರಿನವರಿಗೆ ಪಾಠ ಹೇಳಿ ಏನು ಫಲ ಎಂಬ ಮಾತೂ ಕೇಳಿಬರುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಸಿಕೊಂಡು ಬಂದು, ನಿದ್ದೆಗಣ್ಣಿನಲ್ಲಿ ಮುಂಜಾನೆಯ ಮಂಜಿಗೆ ಘಾಟಿ ಇಳಿಯುವ ಚಾಲಕ ನಿಜಕ್ಕೂ ಅಪಾಯಕಾರಿ. ಅವನಿಗೂ ಕಲಿಸಲು ಜಾಗಗಳಿವೆ. ಕೊಲ್ಲೂರು, ಸಿಗಂದೂರುಗಳಲ್ಲಿ ಪಾರ್ಕಿಂಗ್ ಚೀಟಿಯ ಹಿಂದೆ ಘಾಟಿಯ ನಾಲ್ಕು ನಿಯಮ ಅಚ್ಚು ಹಾಕಬಹುದು. ಘಾಟಿ ಶುರುವಾಗುವಲ್ಲಿ ಕೆಳಗಿನ ಗೇರಿಗೆ ಬರಲು ಸೂಚಿಸುವ ದೊಡ್ಡ ಫಲಕ, ಕುರುಡು ತಿರುವಿನಲ್ಲಿ ಉಬ್ಬುಗನ್ನಡಿ, ದಣಿದವರಿಗೆ ನಿಲ್ಲಿಸಿ ಮುಖ ತೊಳೆದುಕೊಳ್ಳಲು ಸುರಕ್ಷಿತ ತಾಣ ಇವು ಲೋಕೋಪಯೋಗಿ ಇಲಾಖೆಯ ಮಿತಿಯಲ್ಲೇ ಆಗುವ ಕೆಲಸಗಳು. ಆದರೆ ಪ್ರವಾಸಿ ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ವರ್ಷದ ಎಲ್ಲ ದಿನವೂ ಈ ಅಪಾಯವನ್ನು ಎದುರಿಸುವವರು ಊರಿನವರು. ಎದುರಿನವನ ತಪ್ಪನ್ನು ಮುಂಚೆಯೇ ಊಹಿಸಿ ಜಾಗ ಬಿಡುವ ಕಲೆ ಕಲಿತರೆ ಉಳಿಯುವುದು ಅವರ ಪ್ರಾಣವೇ.

ಬಿದ್ದ ಮೇಲಿನ ಮಾತನ್ನೂ ತರಬೇತಿಯ ಭಾಗವೆಂದೇ ಎಣಿಸಬೇಕು. ಡ್ರೈವಿಂಗ್ ಸ್ಕೂಲಿನ ಪಠ್ಯದಲ್ಲಿ ಪ್ರಥಮ ಚಿಕಿತ್ಸೆ ಇದೆ, ಕಲಿಸುವವರು ಅಪರೂಪ. ನಿಟ್ಟೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಇರುವ ದೂರ ನೂರು ಕಿಲೋಮೀಟರಿನ ಆಸುಪಾಸು. ತಲೆಗೆ ಪೆಟ್ಟಾದವನನ್ನು ಮೊದಲ ಒಂದು ಗಂಟೆಯಲ್ಲಿ ಉಳಿಸುವವರು ಅಪಘಾತದ ಜಾಗಕ್ಕೆ ಮೊದಲು ಬಂದ ದಾರಿಹೋಕರು: ಬಸ್ಸಿನ ಚಾಲಕ, ಹಾಲಿನ ಗಾಡಿಯವನು, ತೋಟದ ಕೆಲಸಕ್ಕೆ ಹೊರಟ ಹೆಂಗಸರು. ರಕ್ತಸ್ರಾವ ತಡೆಯುವುದು ಹೇಗೆ, ಕುತ್ತಿಗೆ ಅಲುಗಿಸದೆ ಮಲಗಿಸುವುದು ಹೇಗೆಂದು ಅವರಿಗೆ ಗೊತ್ತಿರಬೇಕು. ನೆರವಾದರೆ ಪೊಲೀಸು, ಕೋರ್ಟು ಎಂಬ ಭಯ ಇನ್ನೂ ಹೋಗಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲೇ ನೆರವಾದವರಿಗೆ ರಕ್ಷಣೆ ಕೊಟ್ಟಿತು, ಕರ್ನಾಟಕ ಅದಕ್ಕಾಗಿ ತನ್ನದೇ ಕಾಯ್ದೆ ಮಾಡಿತು, 2019ರ ತಿದ್ದುಪಡಿ ಅದನ್ನು ಮೋಟಾರು ವಾಹನ ಕಾಯ್ದೆಗೇ ಸೇರಿಸಿತು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಈ ಮಾಹಿತಿ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ, ಹಾಲಿನ ಡೈರಿಯಲ್ಲಿ, ಸೊಸೈಟಿಯ ಕಟ್ಟಡದಲ್ಲಿ ಕಾಣಬೇಕು.

ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಸಭೆ ಸೇರುತ್ತಲೇ ಇರುತ್ತದೆ, ಆರ್‌ಟಿಒ, ಪೊಲೀಸ್, ಲೋಕೋಪಯೋಗಿ ಅಧಿಕಾರಿಗಳು ಅಲ್ಲಿರುತ್ತಾರೆ. ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮಗಳೂ ನಡೆಯುತ್ತವೆ. ಜನವರಿ ಮಲೆನಾಡಿನಲ್ಲಿ ಬಿಸಿಲಿನ ತಿಂಗಳು, ರಸ್ತೆ ಒಣಗಿರುತ್ತದೆ. ಇಲ್ಲಿಗೆ ಬೇಕಾದ ಕಾಲ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು. ಆ ಸಮಿತಿಯ ಮುಂದಿನ ಸಭೆಗೆ ಹೊಸನಗರ, ಸಾಗರ, ತೀರ್ಥಹಳ್ಳಿಯ ಘಾಟಿ ಪಂಚಾಯಿತಿಗಳ ಪ್ರತಿನಿಧಿಗಳನ್ನು ಕರೆಯಲಿ. ಮಳೆಗಾಲಕ್ಕೆ ಮುನ್ನ ಒಂದೊಂದು ಹೋಬಳಿಯಲ್ಲಿ ಒಂದೊಂದು ಅಭ್ಯಾಸ ಶಿಬಿರ ಎಂದು ತೀರ್ಮಾನಿಸಲಿ. ಮೊದಲ ಶಿಬಿರ ಮನೆಮನೆಗೆ ಸ್ಕೂಟರಿನಲ್ಲಿ ಹೋಗುವ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಶಿಕ್ಷಕಿಯರಿಗೆ ಇರಲಿ. ಅವರಲ್ಲಿ ಅನೇಕರು ಗಂಡನಿಂದಲೋ ಮಗನಿಂದಲೋ ತರಾತುರಿಯಲ್ಲಿ ಕಲಿತವರು, ಮಳೆಯಿರಲಿ ಮಂಜಿರಲಿ ಹೋಗಲೇಬೇಕಾದವರು. ಎರಡನೆಯದು ಹದಿನೆಂಟು ತುಂಬಿದ ಪಿಯುಸಿ ಹುಡುಗರಿಗೆ. ಹದಿನೆಂಟು ತುಂಬದವನ ಕೈಗೆ ಬೈಕು ಕೊಟ್ಟರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ ಎಂಬ ಕಾನೂನನ್ನು ಅಪ್ಪ ಅಮ್ಮಂದಿರಿಗೆ ಅದೇ ದಿನ ತಿಳಿಸಬಹುದು. ಬೋಧಕರ ಗೌರವಧನಕ್ಕೂ ಡೀಸೆಲ್ಲಿಗೂ 2017ರ ಕಾಯ್ದೆಯಡಿ ರಾಜ್ಯದಲ್ಲಿ ರಚನೆಯಾದ ರಸ್ತೆ ಸುರಕ್ಷತಾ ಪ್ರಾಧಿಕಾರದ ನಿಧಿಯನ್ನು ಕೇಳಬಹುದು. ಕೇಳುವ ಅರ್ಜಿ ನಿಟ್ಟೂರು ಗ್ರಾಮ ಪಂಚಾಯಿತಿಯ ನಿರ್ಣಯವಾಗಿಯೇ ಹೋಗಲಿ.